ಎರಡನೇ ಟ್ಯಾಂಕಿಗೆ ಹೆಪ್ಪು

ಹುಳಿಯ ಸುದ್ದಿ ಮೊದಲು ಹೇಳಿದ್ದು ಮೀಟರಲ್ಲ,
ಅಲ್ಡೋನಾಳ ಮೂಗು.
ಬಾಟಲಿಯ ಮುಚ್ಚಳ ತೆಗೆದು ಮೂಸಿ
'ಕೆಟ್ಟ ಬೆಣ್ಣೆ' ಅಂದಳು,
ಮತ್ತೆ ಬಿಗಿಯಾಗಿ ಮುಚ್ಚಿದಳು.
ಕಿಟಕಿಯಾಚೆ ಬಾಲ್ಟಿಕ್ ಕಡಲಿನ ಗಾಳಿ
ಹಿಮವನ್ನು ಅಡ್ಡಡ್ಡ ಹೊಡೆಯುತ್ತಿತ್ತು.

ಕ್ಲೈಪೆಡಾ ತಿಂದದ್ದೆಲ್ಲ ಕೊನೆಗೆ ಇಲ್ಲಿಗೇ ಬರುತ್ತದೆ:
ಹೆರಿಂಗ್ ಮೀನು, ಬೀಟ್‌ರೂಟಿನ ಸಾರು,
ಬಂದರಿನ ಹುಡುಗರ ಶನಿವಾರದ ಬಿಯರು,
ಮೇಯರ್ ಸಾಹೇಬರದೂ.
ನೀರು ತಿಳಿಯಾಗಿ ಕಡಲಿಗೆ ಹೊರಡುತ್ತದೆ,
ತಳದ ರಾಡಿ ನಮ್ಮ ಎರಡು ಟ್ಯಾಂಕುಗಳ ಪಾಲು.
ಗಾಳಿ ಸೋಕದ ಕತ್ತಲು. ಮೂವತ್ತೇಳು ಡಿಗ್ರಿ,
ಜ್ವರವಿಲ್ಲದ ಮೈಯಷ್ಟೇ ಬಿಸಿ.

ಒಳಗೆ ಕಣ್ಣಿಗೆ ಕಾಣದವರ ಎರಡು ಪಾಳಿ.
ಒಂದು ಅವಸರದ್ದು,
ಸಿಕ್ಕಿದ್ದನ್ನೆಲ್ಲ ಕಡಿದು ಹುಳಿ ಮಾಡುತ್ತದೆ.
ಇನ್ನೊಂದು ನಿಧಾನದ್ದು,
ಆ ಹುಳಿಯನ್ನೇ ಉಂಡು ಉರಿಯುವ ಅನಿಲ ಬಿಡುತ್ತದೆ.
ಮೊದಲಿನವರ ಸಂತಾನ ಗಂಟೆಗಳಲ್ಲಿ ದುಪ್ಪಟ್ಟು,
ಎರಡನೆಯವರಿಗೆ ದಿನಗಟ್ಟಲೆ ಬೇಕು.
ಇಷ್ಟೇ ನಮ್ಮ ವಿದ್ಯೆ. ಉಳಿದದ್ದು ಪಂಪು.

ವೈದೋತಸ್, ನಮ್ಮ ಮುಖ್ಯಸ್ಥ, ಕೆಟ್ಟವನಲ್ಲ.
ಕರೆಂಟಿನ ಬಿಲ್ಲು ನೋಡಿ ನಿದ್ದೆಗೆಟ್ಟವನು.
ಚೀಸ್ ಕಾರ್ಖಾನೆಯವರು ಹಾಲೊಡಕಿನ ನೀರು
ಪುಕ್ಕಟೆ ಕೊಡುತ್ತೇವೆಂದಾಗ
'ಸುರಿಯಿರಿ, ಗ್ಯಾಸ್ ಹೆಚ್ಚುತ್ತದೆ' ಅಂದ.
ಹೆಚ್ಚಿತು.
ಒಂಬತ್ತು ದಿನ ಎಂಜಿನ್ ನಿಲ್ಲದೆ ಗುಡುಗಿತು.
ಎಲ್ಲರಿಗೂ ಕೇಕು ತರಿಸಿದ, ಗಸಗಸೆಯದು.
ಹತ್ತನೆಯ ದಿನ ಇನ್ನೊಂದು ಟ್ಯಾಂಕರು.
ಲಾಗ್ ಪುಸ್ತಕದಲ್ಲಿ ಇಲ್ಲ, ಇಲ್ಲಿ ಬರೆದಿಡುತ್ತೇನೆ:
ವಾಲ್ವ್ ತಿರುಗಿಸಿದ ಕೈ ನನ್ನದು.

ಹನ್ನೆರಡಕ್ಕೆ ನೊರೆ ಉಕ್ಕಿತು.
ಏಣಿಯ ಮೇಲೆ ಕಂದು ಗಡ್ಡದಂತೆ ಇಳಿದು
ಅಲ್ಲೇ ಮಂಜುಗಟ್ಟಿತು.
ಜ್ವಾಲೆ ಸಣ್ಣಗಾಯಿತು, ಹಳದಿಯಾಯಿತು,
ರಾತ್ರಿ ಎರಡೂವರೆಗೆ ಆರಿತು.

'ಊಟ ಬಿಡಿಸಿ,' ಅಂದಳು ಅಲ್ಡೋನಾ.
'ಅಜೀರ್ಣಕ್ಕೆ ಲಂಘನವೇ ಮದ್ದು.
ಸುಣ್ಣ ಕೊಡಿ, ಚಿಟಿಕೆ ಚಿಟಿಕೆ. ನಿಧಾನಕ್ಕೆ ಕಲಕಿ.'
ಟ್ಯಾಂಕಿಗೆ ಉಪವಾಸ ಹಾಕಬಹುದು,
ಊರಿಗೆ ಹಾಕುವವರು ಯಾರು?
ಕ್ರಿಸ್‌ಮಸ್ ಹಿಂದಿನ ರಾತ್ರಿ
ಮಾಂಸ ಮುಟ್ಟದ ವ್ರತದ ಊಟ, ಅದಕ್ಕೇ ಹನ್ನೆರಡು ಬಗೆ!
ಮರುದಿನ ಪೈಪುಗಳು ತುಂಬಿ ಬಂದವು.
ಒಂದನೇ ಟ್ಯಾಂಕು ಅಕ್ಕನ ಹಾಗೆ
ಇಬ್ಬರ ಪಾಲನ್ನೂ ನುಂಗಿ ಸುಮ್ಮನಿತ್ತು.

ನನ್ನಮ್ಮ ಕಪ್ಪು ರೈ ರೊಟ್ಟಿಯ ಹೆಪ್ಪನ್ನು
ಓಕ್ ಮರದ ಬಾನಿಯ ತಳದಲ್ಲಿ ಉಳಿಸುತ್ತಿದ್ದಳು.
ಅದು ಸತ್ತ ಚಳಿಗಾಲ
ಹೊಲದಾಚೆಯ ಮನೆಗೆ ನನ್ನನ್ನು ಓಡಿಸಿದಳು:
'ಕೋಟಿನೊಳಗೆ ಎದೆಗೊತ್ತಿ ತಾ.
ಚಳಿ ತಾಗಿದರೆ ಮುನಿಯುತ್ತದೆ.'

ಶೌಲ್ಯೈ ಊರಿನಿಂದ ಟ್ಯಾಂಕರ್ ಬಂತು,
ಹದಿನೆಂಟು ಟನ್ ಬೆಚ್ಚನೆಯ ಕಪ್ಪು.
ಕೊಳವೆಯ ಬಾಯಿಗೆ ಡ್ರೈವರ್ ನೆರಿಯುಸ್
ತನ್ನ ಮನೆಯ ರಜಾಯಿ ಸುತ್ತಿದ್ದ, ಹೂವಿನ ರಜಾಯಿ.
'ಹೆಂಡತಿಗೆ ಹೇಳಿಲ್ಲ' ಅಂದ.
'ನಮ್ಮೂರವರ ಹೊಟ್ಟೆ ಗಟ್ಟಿ, ಹೆದರಬೇಡಿ.'
ಪರವೂರ ಹೊಟ್ಟೆಯಿಂದ ನಮ್ಮೂರ ಹೊಟ್ಟೆಗೆ
ಹೆಪ್ಪು ಇಳಿಯಿತು,
ಬಹಳ ಹೊತ್ತು ಇಳಿಯಿತು.

ಆಮೇಲೆ ಏನೂ ಆಗಲಿಲ್ಲ.
ಎಂಟು ದಿನ ಏನೂ ಆಗಲಿಲ್ಲ.
ವೈದೋತಸ್ ಉಗುರು ಕಚ್ಚಿದ, ನಾನು ಪೈಪಿಗೆ ಕಿವಿಯಿಟ್ಟೆ.
ಒಂಬತ್ತನೆಯ ರಾತ್ರಿ ಉರಿಕೊಳವೆಯ ತುದಿಯಲ್ಲಿ
ಒಂದು ನೀಲಿ ಎಳೆ.
ಗಾಳಿ ಎಳೆದರೂ ಕಡಿಯಲಿಲ್ಲ.
ಆ ಬೆಂಕಿ ಯಾರ ಮನೆಯ ದೀಪಕ್ಕೂ ಹೋಗಲಿಲ್ಲ.
ಮೊದಲ ಬಿಸಿಯೆಲ್ಲ
ಟ್ಯಾಂಕಿನ ಚಳಿ ಓಡಿಸಲಿಕ್ಕೇ ಸರಿಹೋಯಿತು.

ಈಗ ದಿನಕ್ಕೆ ಆರು ಸಲ, ಪುಟ್ಟ ತುತ್ತು.
ಹಾಲೊಡಕಿನ ನೀರೂ ಉಂಟು, ಅಳೆದು.
ಅಕ್ಟೋಬರಿಗಿಂತ ಗ್ಯಾಸ್ ತುಸು ಹೆಚ್ಚೇ.
ಕೇಕಿನ ಮಾತು ಯಾರೂ ಎತ್ತುವುದಿಲ್ಲ.

ಮಾರ್ಚಿಗೆ ಅಲ್ಡೋನಾಳ ನಿವೃತ್ತಿ.
ನಿನ್ನೆ ಬಾಟಲಿಯನ್ನು ನನ್ನ ಮೂಗಿಗೆ ಹಿಡಿದಳು:
'ಹೇಳು.'
ಟಾರು, ಅಂದೆ. ಒದ್ದೆ ಮಣ್ಣು.
'ಮತ್ತೆ?'
ಮತ್ತೇನೋ ಇತ್ತು. ಹೆಸರು ಸಿಗಲಿಲ್ಲ.
ಅವಳು ಮುಚ್ಚಳ ಹಾಕಲಿಲ್ಲ.
'ಇನ್ನೊಮ್ಮೆ,' ಅಂದಳು.