ಎಂಟನೇ ಫಾರಂ

ಕಾಟನ್‌ಪೇಟೆಯ ಗಲ್ಲಿಯೊಂದರಲ್ಲಿ,
ಊದುಬತ್ತಿ ಗೋಡೌನಿನ ಮೇಲಿನ ಮಹಡಿಯಲ್ಲಿ
ನಾನು ಕಾದಂಬರಿ ಮಡಚುತ್ತೇನೆ.
ಒಂದು ಹಾಳೆ, ಮೂರು ಮಡಿಕೆ, ಹದಿನಾರು ಪುಟ;
ಸಾವಿರ ಪ್ರತಿಗೆ ಸಾವಿರ ಸಲ ಅದೇ ಹದಿನಾರು.
ಮೊದಲ ಫಾರಂ ಮೆಹರುನ್ನಿಸಾಗೆ,
ಕೊನೆಯದು ತಿರುಮಳಮ್ಮನಿಗೆ.
ಅವಳಿಗೆ ಅಕ್ಷರ ಬಾರದು,
ಅದಕ್ಕೇ ಕೊನೆಯದು ಕೊಟ್ಟಿದ್ದಾರೆಂದು ನನ್ನ ಗುಮಾನಿ.
ನನಗೆ ಎಂಟನೆಯದು.
ನೂರಾ ಹದಿಮೂರರಿಂದ ನೂರಾ ಇಪ್ಪತ್ತೆಂಟು:
ಹತ್ತೊಂಬತ್ತು ವರ್ಷದಿಂದ ನನ್ನ ಸಾಹಿತ್ಯ ಇಷ್ಟೇ.

ನಿಮಗೆ ಗೊತ್ತಿರಲಿಕ್ಕಿಲ್ಲ,
ಎಂಟನೇ ಫಾರಮಿನಲ್ಲಿ ಯಾವಾಗಲೂ ಮಳೆ.
ಇಲ್ಲಿ ಏಪ್ರಿಲ್ಲು, ಫ್ಯಾನು ಹಾಕಿದರೆ ಹಾಳೆ ಹಾರುತ್ತದೆಂದು
ಕತ್ತಿನ ಬೆವರು ಒರೆಸಿಕೊಂಡು ಕೂತಿರುತ್ತೇವೆ;
ಅಲ್ಲಿ ಅವಳು ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ,
ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ,
ಅವಳ ಮನಸ್ಸಿನಲ್ಲೂ ಅಂತೆ.
ಆಮೇಲೆ ಕನ್ನಡಿಯ ಮುಂದೆ ಹೋಗಿ
ಹುಬ್ಬು, ಮೂಗು, ತುಟಿ, ಒಂದೊಂದಾಗಿ ಲೆಕ್ಕ ಹಾಕುತ್ತಾಳೆ,
ಯಾರೋ ಕದ್ದುಕೊಂಡು ಹೋಗಿದ್ದರೇನೋ ಎಂಬಂತೆ.
ನಾವು ಕನ್ನಡಿ ನೋಡುವುದು
ಹಲ್ಲಿನ ಸಂದಿಗೆ ಸೊಪ್ಪು ಸಿಕ್ಕಿದೆಯಾ ಅಂತ.

ಯಾರಾದರೂ ಒಂದು ಸಲ ಕೆಮ್ಮಿದರೆ ಮುಗಿಯಿತು.
ಕರವಸ್ತ್ರ, ಅದರಲ್ಲೊಂದು ಕೆಂಪು ಚುಕ್ಕೆ.
ಒಂಬತ್ತನೆಯದನ್ನು ಮಡಚುವ ಚೌಡೇಶ್ವರಿ
ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ ಸುದ್ದಿ ಹೇಳುತ್ತಾಳೆ:
‘ಹೋದ ಕಣೇ.’
ನಮ್ಮ ಅಂಜಿನಪ್ಪ ಕಟಿಂಗ್ ಮೆಷೀನಿನ ಧೂಳು ಕುಡಿದು
ನಾನು ಸೇರುವ ಮೊದಲಿನಿಂದ ಕೆಮ್ಮುತ್ತಿದ್ದಾನೆ.
ಕೆಮ್ಮುತ್ತಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ,
ಕೆಮ್ಮುತ್ತಲೇ ಚೀಟಿ ಎತ್ತಿದ,
ನಿನ್ನೆ ಕೆಮ್ಮುತ್ತಲೇ ನನ್ನ ಹುಚ್ಚೆಳ್ಳು ಚಟ್ನಿಗೆ
ಉಪ್ಪು ಕಮ್ಮಿ ಅಂದ.

ಅವನ ಜತೆ ಸ್ಕೂಟರಿನಲ್ಲಿ ಯಾರನ್ನೋ ಕಂಡಳಂತೆ.
ಆ ಹುಡುಗಿ ಯಾರು, ಅಂತ ಕೇಳಿದ್ದರೆ ಆಯಿತು.
ತಂಗಿ ಅನ್ನುತ್ತಿದ್ದ. ಕತೆ ಖಲಾಸ್.
ಕೇಳುವುದಿಲ್ಲ.
ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಹತ್ತುತ್ತಾಳೆ,
ನಲವತ್ತು ಪುಟ ಮುನಿಸು.
ನಲವತ್ತು ಪುಟ ಅಂದರೆ ಎರಡೂವರೆ ಫಾರಂ,
ಸಾವಿರ ಪ್ರತಿಗೆ ಎರಡೂವರೆ ಸಾವಿರ ಹಾಳೆ.
ನಮ್ಮ ಹೆಬ್ಬೆರಳು ನೋಡಿದ್ದೀರಾ ಸಾರ್?

ಒಮ್ಮೆ ಒಂದು ಕೊಲೆ ಇತ್ತು.
ನಾಲ್ಕು ದಿನ ಎದೆ ಹಿಡಿದುಕೊಂಡು ಮಡಚಿದೆವು.
ಕೊನೆಗೆ ಅವನು ತಟ್ಟನೆ ಎಚ್ಚರಗೊಂಡು ನೋಡಿದರೆ
ಎಲ್ಲಾ ಕನಸು.
ಮೆಹರುನ್ನಿಸಾ ಮೈಲುತುತ್ತ ಹಾಕಿದ ಮೈದಾ ಅಂಟಿನಲ್ಲಿ
ಬ್ರಶ್ಶು ನೆಟ್ಟು ಕೇಳಿದಳು,
‘ಹಂಗಾದ್ರೆ ಕೂಲೀನೂ ಕನಸಾ?’

ಇವೆಲ್ಲ ಹೋಗಲಿ.
ರೇಷ್ಮೆ ಜುಬ್ಬಾದ ಲೇಖಕರೊಬ್ಬರು
ತಮ್ಮ ಪುಸ್ತಕ ಹೊಲಿಗೆಯಾಗುವುದನ್ನು ನೋಡಲು ಮೆಟ್ಟಿಲು ಹತ್ತಿ ಬಂದಿದ್ದರು.
ಏದುಸಿರು ನಿಲ್ಲಲಿ ಅಂತ ಕಾದು ಕೇಳಿದೆ:
ನೂರಾ ಇಪ್ಪತ್ತೊಂದನೇ ಪುಟದಲ್ಲಿ,
ಕೆಲಸದವಳು ಕಾಫಿ ಇಟ್ಟು ಹೋದಳು ಅಂತ ಬರೆದಿದ್ದೀರಿ.
ಎಲ್ಲರೂ ಹಾಗೇ ಬರೀತಾರೆ.
ಎಲ್ಲಿಗೆ ಹೋದಳು?
ನಕ್ಕರು, ಒಳ್ಳೆಯವರೇ.
‘ಅದು ಕತೆಗೆ ಬೇಕಾಗಲ್ಲಮ್ಮ’ ಅಂದರು.

ನನ್ನವ್ವ ಬಸವನಗುಡಿಯ ಮೂರು ಮನೆಗಳಲ್ಲಿ
ಕಾಫಿ ಇಟ್ಟು ಹೋಗುತ್ತಿದ್ದಳು.
ಹೋದವಳು ಬರುತ್ತಿದ್ದದ್ದು ನಮ್ಮ ಹತ್ತಿರ,
ಸೆರಗಲ್ಲಿ ಎರಡು ತಣ್ಣನೆಯ ದೋಸೆ ಕಟ್ಟಿಕೊಂಡು,
ದಾರಿಯುದ್ದಕ್ಕೂ ಆ ಮೂರೂ ಮನೆಯ ಜಗಳ
ತನ್ನಷ್ಟಕ್ಕೆ ತಾನೇ ಹೇಳಿಕೊಂಡು.

ಆದರೂ ಸುಳ್ಳು ಯಾಕೆ,
ಈ ಸಲದ ಹುಡುಗಿ ಏನಾದಳೆಂದು
ಎರಡು ದಿನದಿಂದ ತಲೆ ಕೊರೆಯುತ್ತಿದೆ.
ಮಳೆ, ಕಿಟಕಿ, ಕನ್ನಡಿ, ಎಲ್ಲ ಅದೇ ಹುಡುಗಿ.
ದೀಪ ಹಚ್ಚುವ ಹೊತ್ತಿಗೆ
ತಿರುಮಳಮ್ಮನ ಪಕ್ಕ ಜರುಗಿ ಮೆಲ್ಲಗೆ ಕೇಳಿದೆ:
ಕೊನೆ ಹೆಂಗಿದೆಯೇ?

ಹಾಳೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.
‘ಅಕ್ಷರ ಕಮ್ಮಿ,
ಬಿಳೀದು ಜಾಸ್ತಿ ಐತೆ.’