ಎಂಜಲು

ಕೆಲಸವಿದ್ದ ದಿನ ನಾನು ಕಾಫಿ ಕುಡಿಯುವುದಿಲ್ಲ.
ಬಾಯಿ ಬರಿದಾಗಿರಬೇಕು.
ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಕಿಸಿ
ಧಣಿಯ ಹಣೆಯ ಮೇಲೆ ಹೊರಳಿಸುತ್ತೇನೆ,
ಒಂದು ಕಾಸಿನಗಲ. ಬೇರೆ ಹತ್ತಿ. ಮತ್ತೆ ಕಾಸಿನಗಲ.
ಇನ್ನೂರು ವರ್ಷದ ಮೇಣದ ಹೊಗೆಗೆ
ಮನುಷ್ಯರ ಉಗುಳಿಗಿಂತ ಒಳ್ಳೆಯ ಮದ್ದಿಲ್ಲ
ಎಂದು ಕಲಿಸಿದವನು ಎಂಡೆಲ್;
ಆಚೆ ಮೇಜಿನಲ್ಲಿ ಕೂತು
ಮರದ ಸಂತನೊಬ್ಬನ ಕಾಲ್ಬೆರಳು ಅಂಟಿಸುತ್ತಿದ್ದಾನೆ.

ಟಾರ್ಟು ಊರು. ಮಾರ್ಚ್ ತಿಂಗಳು.
ಹೊಳೆಯ ಮೇಲೆ ಮಂಜುಗಡ್ಡೆ ಒಡೆಯುವ ಸದ್ದು,
ಯಾರೋ ಅಟ್ಟದಿಂದ ಪಾತ್ರೆ ಬೀಳಿಸಿದಂತೆ.

ಪಟ್ಟಿಯಲ್ಲಿ ಇಷ್ಟೇ ಇದೆ:
ಹಾವಸಾರೆ ಜಹಗೀರಿನ ಧಣಿ. ತೈಲವರ್ಣ. ಕಲಾವಿದ ಅಜ್ಞಾತ.
ಆ ವರ್ಷದ ಲೆಕ್ಕದ ಪುಸ್ತಕದಲ್ಲಿ
ಬೇಟೆನಾಯಿಯ ಹೆಸರಿದೆ, ಡಯಾನ.
ಕುಂಟುಕುದುರೆಯ ಹೆಸರೂ ಇದೆ.
ಆಮೇಲೆ: 'ಬಣ್ಣದವನಿಗೆ ಎರಡು ಮೂಟೆ ಬಾರ್ಲಿ, ಹಳೆಯ ಬೂಟು;
ಗೇಟಿಗೆ ಹಸಿರು ಬಳಿದದ್ದೂ ಸೇರಿ.'

ದೊಡ್ಡ ಕಲಾವಿದನೇನಲ್ಲ ಬಿಡಿ.
ಕಿವಿ ಎರಡು ಬೆರಳು ಮೇಲೆ ಹೋಗಿದೆ.
ಕೈ ಬರೆಯಲು ಬಾರದು, ಅದಕ್ಕೇ
ಒಂದನ್ನು ಕೋಟಿನೊಳಗೆ ತುರುಕಿದ್ದಾನೆ,
ಇನ್ನೊಂದನ್ನು ಟೋಪಿಯಡಿ ಬಚ್ಚಿಟ್ಟಿದ್ದಾನೆ.
ಗುಂಡಿಗಳು ಮಾತ್ರ! ಒಂಬತ್ತು ಹಿತ್ತಾಳೆ ಗುಂಡಿ,
ಈಗಷ್ಟೇ ಬೂದಿ ಹಾಕಿ ಉಜ್ಜಿದಂತೆ.
ಎಂಟನೆಯದರ ದಾರ ಸಡಿಲ.
ಅದನ್ನೂ ಬಿಟ್ಟಿಲ್ಲ, ಪುಣ್ಯಾತ್ಮ.

ಇದೇ ಧಣಿಯ ಲಾಯದ ಹಿಂದೆ
ಲೇನು ಎಂಬ ಹುಡುಗಿಗೆ ಹನ್ನೆರಡು ಛಡಿಯೇಟು ಬಿದ್ದವು,
ಅವನು ಉಂಡು ಬಿಟ್ಟ ತಟ್ಟೆಯಿಂದ
ಬಾತುಕೋಳಿಯ ಚರ್ಮ ಕಿತ್ತು ತಿಂದದ್ದಕ್ಕೆ.
ಲೇನು, ನನ್ನ ಅಜ್ಜಿಯ ಅಜ್ಜಿಯ ಅಜ್ಜಿ.
ಈಗಲೂ ಕ್ರಿಸ್ಮಸ್ ದಿನ ಬಾತು ಕೊಯ್ಯುವಾಗ
ನಮ್ಮ ಮನೆಯಲ್ಲಿ ಹನ್ನೆರಡರ ತನಕ ಎಣಿಸುತ್ತಾರೆ,
ಮಕ್ಕಳು ನಗುತ್ತಾರೆ.

ಅವನ ಎಂಜಲು ಅವಳಿಗೆ ದಕ್ಕಲಿಲ್ಲ.
ನನ್ನ ಎಂಜಲು ಅವನ ಮುಖಕ್ಕೆ, ಸಂಬಳ ಸಮೇತ.
'ಯಾವತ್ತಾದರೂ ಕೈಗೆ ಸಿಕ್ಕರೆ
ಮುಖಕ್ಕೆ ಉಗಿದು ಬಾ' ಎನ್ನುತ್ತಿದ್ದಳು ಅಜ್ಜಿ.
ಉಗಿಯುತ್ತಲೇ ಇದ್ದೇನೆ, ಅಜ್ಜಿ, ಮೂರು ವಾರದಿಂದ.
ದಿನೇ ದಿನೇ ಚೆಂದವಾಗುತ್ತಿದ್ದಾನೆ.

ಮಧ್ಯಾಹ್ನ, ಎಡಗೆನ್ನೆಯಲ್ಲಿ,
ಹತ್ತಿ ಕಂದಾಗುವ ಬದಲು ಗುಲಾಬಿಯಾಯಿತು.
ಇದು ಹೊಗೆಯಲ್ಲ. ಮೇಲೆ ಬಳಿದ ಬಣ್ಣ,
ಅಗ್ಗದ್ದು, ಅವಸರದ್ದು, ಬೇರೆ ಯಾರದೋ ಕೈ.
ಅದು ಕರಗಿದಂತೆ ಅಡಿಯಿಂದ ಎದ್ದುಬಂತು
ಬಟಾಣಿ ಗಾತ್ರದ ನರಹುಲಿ,
ಅದರಲ್ಲಿ ಮೂರು ಕೂದಲು, ಒಂದು ಬೆಳ್ಳಗೆ.

ಎಂಡೆಲ್ ಬಂದು ನೋಡಿದ.
ಸಂತನ ಕಾಲ್ಬೆರಳು ಕೈಯಲ್ಲೇ ಇತ್ತು.
ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕಂಡದ್ದನ್ನು ಬರೆದುಬಿಟ್ಟಿದ್ದಾನೆ,
ಗೇಟಿಗೆ ಹಸಿರು ಬಳಿದವನು.
ಆ ಎರಡು ಮೂಟೆಯಲ್ಲಿ ಇದಕ್ಕೆಂದು
ಎಷ್ಟು ಸೇರು ಮುರಿದುಕೊಂಡರೋ.