ಷರಾ

ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲಿಳಿದು
ಕಪ್ಪುಬಿಳಿ ಪಟ್ಟಿಯ ಹಲಗೆ ನೋಡಿ
ಬರೆಯುತ್ತೇನೆ: ಒಂದು ಮೀಟರ್ ಹನ್ನೆರಡು.
ಪಕ್ಕದ ಖಾನೆ ಷರಾ. ಅಲ್ಲಿ ‘ಇಲ್ಲ’.
ಹನ್ನೊಂದು ವರ್ಷದಿಂದ ಇಲ್ಲ, ಇಲ್ಲ, ಇಲ್ಲ,
ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿದ ದಿನವೂ ಇಲ್ಲ.

ಎಂಟೂ ಐದಕ್ಕೆ ಮೊಣ್ಣಪ್ಪನವರ ಫೋನು:
‘ಗೇಜಮ್ಮ, ಕಾವೇರಿ ಎಷ್ಟು?’
ಯಾವುದೋ ಸೊಸೆಯ ತೂಕ ಕೇಳಿದ ಹಾಗೆ.
ಅಂಕಿ ಹೇಳಿದರೆ ಒಂದು ಹೂಂ.
ಹೂಂ ಗಿಡ್ಡವಾದರೆ ತೋಟದಲ್ಲೇ ಉಳಿಯುತ್ತಾರೆ,
ಉದ್ದವಾದರೆ ಒಂಬತ್ತೂವರೆಗೆ ವಾಲ್ನೂರಿನ ಕೆಳಗೆ ಜೀಪು,
ತೊಡೆಯವರೆಗೆ ರಬ್ಬರ್ ಬೂಟು,
ತಾತನ ತಗಡಿನ ಡಬ್ಬಿಯಲ್ಲಿ ಟ್ರೌಟಿನ ಹುಳಗಳು.
‘ಇವು ಊಟಿಯ ತಣ್ಣೀರಿಗೆ ಕಟ್ಟಿದ್ದು,
ನಮ್ಮ ಬಿಳಿಮೀನು ಇವನ್ನು ನೋಡಿ ನಗ್ತದೆ’ ಎಂದು
ಸಾಕಿದ ಹುಂಜದ ಕತ್ತಿನ ಗರಿಯಲ್ಲಿ
ತಾವೇ ಸುತ್ತಿದ ಹುಳ ತೋರಿಸುತ್ತಾರೆ.
ಹಿಡಿದದ್ದನ್ನು ಬಿಟ್ಟುಬಿಡುತ್ತಾರೆ ಕೂಡ.
ಹಾಗಾದರೆ ಹಿಡಿಯುವುದೇಕೆ ಎಂದು ಒಮ್ಮೆ ಕೇಳಿ
ಮತ್ತೆ ಕೇಳಲಿಲ್ಲ.

ನನ್ನ ಅಂಕಿಗಳಿಗೆ ಅರ್ಥ ಹೇಳಿದವರು ಅವರೇ.
ಎಂಬತ್ತಕ್ಕಿಂತ ಕೆಳಗೆ ನೀರು ಗಾಜು:
ಮೀನು ನಮ್ಮ ಅಂಗಿಯ ಗುಂಡಿ ಎಣಿಸುತ್ತದೆ.
ಒಂದೂವರೆ ದಾಟಿದರೆ ಬರೀ ಮಣ್ಣು:
ನಾನು ಎಸೆದದ್ದು ನನಗೇ ಕಾಣದು.
ಹೂಮಳೆ ಬಿದ್ದು, ಏರಿ,
ಮೂರನೆಯ ದಿನ ಇಳಿಯತೊಡಗುತ್ತದಲ್ಲ,
ಸೋಸಿದ ಚಹಾದ ಬಣ್ಣ,
ಆ ಒಂದು ಗೇಣಿಗಾಗಿ ಗೇಜಮ್ಮ, ವರ್ಷವಿಡೀ ಕಾಯುವುದು.

ಅವರ ಜೊತೆಗೆ ಜಡಿಯ. ಅವನು ಅಂಕಿ ಕೇಳುವುದಿಲ್ಲ.
ಪಾದ ಇಳಿಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ.
‘ಓಡೋ ನೀರು ಸಂತೆ, ಬಂಡೆ ಹಿಂದಿನ ನೀರು ಮನೆ.
ಮೀನು ಹೊಸ್ತಿಲಲ್ಲಿ ನಿಂತು
ಸಂತೆಯಿಂದ ಏನು ಬರ್ತದೆ ಅಂತ ನೋಡ್ತಿರ್ತದೆ.
ಅಲ್ಲಿಗೆ ಬಿಡಿ ಸಾಮಿ, ಹೊಸ್ತಿಲಿಗೆ.’

ಈ ಜನವರಿಯಲ್ಲಿ ತೊಂಬತ್ತೆಂಟು.
ಇಷ್ಟುದ್ದದ ಹೂಂ ನಾನು ಕೇಳಿರಲಿಲ್ಲ.
ಮೂರು ದಿನ ದಾರ ಹಾರಿತು, ಬಿತ್ತು, ಹಾರಿತು.
ಹೊಸ್ತಿಲಲ್ಲಿ ಯಾರೂ ಇಲ್ಲ.
ಗಾಳಿಯ ಮೇಲೆ ಹಾಕಿದರು, ಹುಳದ ಮೇಲೆ ಹಾಕಿದರು,
ನನ್ನ ಕಣ್ಣಿನ ಮೇಲೂ ಹಾಕಿದರು:
‘ಸರಿಯಾಗಿ ನೋಡಿದ್ದೀಯೇನಮ್ಮ?’

ಜಡಿಯ ನದಿ ನೋಡುತ್ತಿರಲಿಲ್ಲ.
ಎಡಕ್ಕೆ, ತೊರೆ ಬಂದು ಸೇರುವಲ್ಲಿ,
ಕಂದು ನೊರೆ ಬಿದಿರಿನ ಬೇರಿಗೆ ಸಿಕ್ಕಿ ನಿಂತಿತ್ತು,
ಹುಳಿತ ಬೆಲ್ಲದ ವಾಸನೆ.
ಸಣ್ಣ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.
ತಿನ್ನುವುದಕ್ಕಲ್ಲ.
ತೊರೆಯ ಆ ತುದಿಯಲ್ಲಿ ಯಾರ ಪಲ್ಪರ್
ಎಂದು ಮೂವರಿಗೂ ಗೊತ್ತಿತ್ತು.
ಮೊಣ್ಣಪ್ಪನವರು ದಾರ ಸುತ್ತಿಕೊಂಡರು, ಬಹಳ ನಿಧಾನ.
ಬೂಟಿನ ಮೇಲೆ ಕಾಫಿ ಹಣ್ಣಿನ ಸಿಪ್ಪೆಯೊಂದು
ಒದ್ದೆಯಾಗಿ ಅಂಟಿತ್ತು.

ಮರುದಿನ ಷರಾದ ಖಾನೆಯಲ್ಲಿ ಬರೆದೆ:
‘ತೊರೆ ಸೇರುವಲ್ಲಿ ನೊರೆ. ವಾಸನೆ.’
ಖಾನೆ ಇಷ್ಟು ಚಿಕ್ಕದೆಂದು ಅವತ್ತೇ ತಿಳಿದದ್ದು,
ಕೊನೆಯ ಅಕ್ಷರ ಗೆರೆ ದಾಟಿತು.
ಎಂಟೂ ಐದು. ‘ಎಷ್ಟು?’
‘ತೊಂಬತ್ತೇಳು. ಷರಾ ಓದಲಾ?’
ಗಿಡ್ಡವೂ ಅಲ್ಲ, ಉದ್ದವೂ ಅಲ್ಲ.
ಫೋನಿನಲ್ಲಿ ಅವರ ಮನೆಯ ಗಡಿಯಾರ ಕೇಳುತ್ತಿತ್ತು.

ಆಮೇಲೆ ಎರಡು ತಿಂಗಳು ಫೋನಿಲ್ಲ.
ಮೇಲೆ ಗುಂಡಿ ತೋಡಿಸುತ್ತಿದ್ದಾರೆ ಎಂದ ಜಡಿಯ,
ನೀರು ಇಂಗಿಸಲಿಕ್ಕೆ.
ಗುಂಡಿಯಲ್ಲ, ಹೊಸ ಕಣ ಎಂದ ಬಸ್ಸಿನ ಕಂಡಕ್ಟರು.
ನಾನು ಹೋಗಿ ನೋಡಲಿಲ್ಲ. ಅದು ನನ್ನ ಹಲಗೆಯಲ್ಲ.

ಹೂಮಳೆಯಾದ ಮೂರನೆಯ ದಿನ ಗಂಟೆ ಬಾರಿಸಿತು.
‘ಒಂದು ಮೀಟರ್ ನಾಲ್ಕು’ ಎಂದೆ, ಕೇಳುವ ಮೊದಲೇ.
ಕೆಮ್ಮಿದರು.
‘ಅದಲ್ಲ ಗೇಜಮ್ಮ. ಪಕ್ಕದ್ದು.’

ಇರಿ ಎಂದು ಫೋನು ಮೆಟ್ಟಿಲ ಮೇಲಿಟ್ಟು,
ಪಾಚಿಗೆ ಹೆದರಿ ಎಂದೂ ಇಳಿಯದ
ಕೊನೆಯ ಎರಡು ಮೆಟ್ಟಿಲಿಳಿದು
ಸೀರೆ ಎತ್ತಿಕಟ್ಟಿ
ಒಂದು ಬೊಗಸೆ ನೀರು
ಮೂಗಿನ ಹತ್ತಿರ ತಂದೆ.